ಹಿಡಿಯಲು ಹೋದರೆ ಓಡುವ ಕುದುರೆ: ಮೊದಲು ಬಿಟ್ಟು ಬರುವುದನ್ನು ಕಲಿಯಿರಿ

ಪ್ರಶ್ನೆ: ದೊಡ್ಡಬಳ್ಳಾಪುರದ ಹತ್ತಿರ ನಮ್ಮದೊಂದು ಸಣ್ಣ ತೋಟ ಇದೆ. ರೇಸ್‌ನಿಂದ ನಿವೃತ್ತಿಯಾದ ಏಳು ವರ್ಷದ ಹೆಣ್ಣು ಕುದುರೆಯನ್ನು ನಾಲ್ಕು ತಿಂಗಳ ಹಿಂದೆ ತಂದೆವು. ಲಾಯದಲ್ಲಿ ತುಂಬಾ ಸಾಧು, ಕೈಯಿಂದಲೇ ಕ್ಯಾರೆಟ್ ತಿನ್ನುತ್ತಾಳೆ. ಬಯಲಿಗೆ ಬಿಟ್ಟರೆ ಮಾತ್ರ ಹತ್ತಿರ ಸೇರಿಸುವುದಿಲ್ಲ, ಹಿಡಿಯಲು ಗಂಟೆಗಟ್ಟಲೆ ಬೇಕು. ಲಗಾಮು ಕಂಡರೆ ತಲೆ ಮೇಲಕ್ಕೆತ್ತುತ್ತಾಳೆ. ಜೀನು ತಂದರೆ ಕಿವಿ ಹಿಂದಕ್ಕೆ ಮಲಗಿಸಿ ಕಚ್ಚಲು ಬರುತ್ತಾಳೆ. ಕುದುರೆ ಬಲ್ಲವರೊಬ್ಬರು "ಒಂದು ದಿನ ಉಪವಾಸ ಕೆಡವಿ, ಆಮೇಲೆ ಒಂದು ಕಾಲು ಕಟ್ಟಿ ನಿಲ್ಲಿಸಿ, ಯಜಮಾನ ಯಾರು ಅಂತ ಗೊತ್ತಾಗುತ್ತೆ" ಅಂದರು. ನನಗೆ ಮನಸ್ಸು ಬರುತ್ತಿಲ್ಲ. ಹೊಡೆಯದೆ, ಹೆದರಿಸದೆ ಅವಳ ನಂಬಿಕೆ ಗಳಿಸುವುದು ಹೇಗೆ? ಹದಿನಾಲ್ಕು ವರ್ಷದ ಮಗಳಿಗೆ ಸವಾರಿಯ ಆಸೆ. ಎಷ್ಟು ದಿನ ಬೇಕಾಗಬಹುದು? ಆಗದಿದ್ದರೆ ಮಾರಿಬಿಡುವುದೇ ವಾಸಿಯಾ?

ಉತ್ತರ: ಉಪವಾಸದ ವಿಷಯ ಮೊದಲು ಮುಗಿಸಿಬಿಡೋಣ. ಖಂಡಿತ ಬೇಡ. ಕುದುರೆಯ ಜಠರದಲ್ಲಿ ಆಮ್ಲ ಹಗಲೂ ರಾತ್ರಿ ಒಸರುತ್ತಲೇ ಇರುತ್ತದೆ, ಮೇವು ಇರಲಿ ಬಿಡಲಿ. ಅದನ್ನು ತಣಿಸುವುದು ಜೊಲ್ಲು. ಕುದುರೆಗೆ ಜೊಲ್ಲು ಸುರಿಯುವುದು ಅಗಿಯುವಾಗ ಮಾತ್ರ. ಬಯಲಿನಲ್ಲಿ ಅದರ ಪಾಡಿಗೆ ಬಿಟ್ಟರೆ ದಿನಕ್ಕೆ 16 ಗಂಟೆಯವರೆಗೂ ಮೇಯುತ್ತಿರುತ್ತದೆ, ಹಾಗಾಗಿ ತೊಂದರೆ ಇಲ್ಲ. ಹೊಟ್ಟೆ ಖಾಲಿ ಬಿಟ್ಟರೆ ಅದೇ ಆಮ್ಲ ಜಠರದ ಗೋಡೆಯನ್ನು ಸುಡುತ್ತದೆ. ತರಬೇತಿಯಲ್ಲಿರುವ ರೇಸ್ ಕುದುರೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕುದುರೆಗಳಿಗೆ ಜಠರದ ಹುಣ್ಣು ಇರುವುದು ಹಲವು ದೇಶಗಳ ಪರೀಕ್ಷೆಗಳಲ್ಲಿ ಕಂಡಿದೆ. ನಿಮ್ಮವಳಿಗೂ ಇರಬಹುದು. ಜೀನಿನ ಹೊಟ್ಟೆಪಟ್ಟಿ ಬಿಗಿಯುವ ಹೊತ್ತಿಗೆ ಕಚ್ಚಲು ಬರುವುದು ಅದರ ಲಕ್ಷಣಗಳಲ್ಲಿ ಒಂದು. ಅಂಥ ಕುದುರೆಯನ್ನು ಉಪವಾಸ ಕೆಡವಿದರೆ ಏನಾಗುತ್ತದೆ, ನೀವೇ ಯೋಚಿಸಿ.

ಕಾಲು ಕಟ್ಟುವುದು ಹಳೆಯ ಪದ್ಧತಿ. ಕುದುರೆ ಸುಮ್ಮನಾಗುವುದೂ ನಿಜ. ಸಮಸ್ಯೆ ಇರುವುದೇ ಅಲ್ಲಿ. ಏನಾದರೂ ಆದರೆ ಓಡಿ ಪಾರಾಗುತ್ತೇನೆ ಅನ್ನುವುದೊಂದೇ ಕುದುರೆಗಿರುವ ಧೈರ್ಯ. ಓಡಲಾಗದಂತೆ ಮಾಡಿದರೆ ಸ್ವಲ್ಪ ಹೊತ್ತು ಒದ್ದಾಡುತ್ತದೆ, ಆಮೇಲೆ ಕೈಚೆಲ್ಲುತ್ತದೆ. ನೋಡುವವರಿಗೆ ಪಳಗಿದ ಹಾಗೆ ಕಾಣುತ್ತದೆ. ಒಳಗಿನ ಹೆದರಿಕೆ ಹಾಗೇ ಇರುತ್ತದೆ, ಹೆದರಿಕೆ ತೋರಿಸುವುದನ್ನು ಮಾತ್ರ ಅದು ಬಿಟ್ಟಿರುತ್ತದೆ. ಇಂಥ ಕುದುರೆಯ ಮೇಲೆ ಮಗಳನ್ನು ಕೂರಿಸುವುದಕ್ಕಿಂತ, ಕಿವಿ ಮಲಗಿಸಿ "ಬೇಡ" ಅನ್ನುವ ಕುದುರೆಯೇ ಎಷ್ಟೋ ವಾಸಿ. ಅದು ಮುಂಚೆಯೇ ಹೇಳುತ್ತದೆ.

ಹಾಗಾಗಿ ತರಬೇತಿಯ ಮಾತಿಗೆ ಮುಂಚೆ ಪಶುವೈದ್ಯರು. ಕುದುರೆ ನೋಡಿ ಅಭ್ಯಾಸ ಇರುವವರೇ ಆಗಬೇಕು. ನಿಮಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ದೂರವೇನಲ್ಲ, ಅಲ್ಲಿಂದ ವಿಚಾರಿಸಲು ಶುರು ಮಾಡಬಹುದು. ಹುಣ್ಣು ಇದೆಯಾ ಅಂತ ಖಚಿತವಾಗಿ ಗೊತ್ತಾಗುವುದು ಎಂಡೋಸ್ಕೋಪಿಯಿಂದ. ಔಷಧ ಇದೆ, ವಾಸಿಯಾಗುತ್ತದೆ. ಹಲ್ಲು ತೋರಿಸಿ. ಕುದುರೆಯ ಹಲ್ಲು ಸವೆದಂತೆ ಮೇಲೆ ಬರುತ್ತಲೇ ಇರುತ್ತದೆ. ಸಮನಾಗಿ ಸವೆಯದಿದ್ದರೆ ದವಡೆ ಹಲ್ಲಿನ ಅಂಚು ಚೂಪಾಗಿ ಕೆನ್ನೆಯ ಒಳಭಾಗವನ್ನು ಕೊರೆಯುತ್ತದೆ. ಅದರ ಮೇಲೆ ಕಡಿವಾಣ (ಲಗಾಮಿನಲ್ಲಿ ಬಾಯೊಳಗೆ ಕೂರುವ ಭಾಗ) ಎಳೆದರೆ ತಲೆ ಎತ್ತದೆ ಇನ್ನೇನು ಮಾಡುತ್ತಾಳೆ? ವರ್ಷಕ್ಕೊಮ್ಮೆಯಾದರೂ ಹಲ್ಲು ನೋಡಿಸಿ ಉಜ್ಜಿಸಬೇಕು. ಬೆನ್ನು ಒತ್ತಿಸಿ ನೋಡಿ. ಗೊರಸು ನೋಡಿಸಿ. ಜೀನು ಅವಳ ಬೆನ್ನಿಗೆ ಸರಿಯಾಗಿ ಕೂರುತ್ತದೆಯೋ ಇಲ್ಲವೋ ನೋಡಿ. ರೇಸ್ ಬಿಟ್ಟ ಮೇಲೆ ಮೈಕಟ್ಟು ಬದಲಾಗುತ್ತದೆ, ಮೊದಲು ಸರಿಯಿದ್ದ ಜೀನು ಕೆಲವೇ ತಿಂಗಳಲ್ಲಿ ಒತ್ತಬಹುದು. ನೋವಿರುವ ಕುದುರೆಗೆ ಎಷ್ಟು ಪ್ರೀತಿಯಿಂದ ಕಲಿಸಿದರೂ ಕಲಿಯುವುದು ಒಂದೇ: ಈ ಮನುಷ್ಯ ಬಂದರೆ ನೋವು.

ಇದೆಲ್ಲ ಮುಗಿಯುವವರೆಗೆ ಜೀನನ್ನು ಮೂಲೆಗಿಡಿ.

ಆ ಹೊತ್ತಿನಲ್ಲಿ ಮೇವು ಸರಿಮಾಡಿ. ರೇಸ್ ಕುದುರೆಗೆ ಓಡುವ ಶಕ್ತಿ ಬೇಕು ಅಂತ ಓಟ್ಸ್, ಬಾರ್ಲಿ, ಹುರುಳಿ ಹಾಕಿರುತ್ತಾರೆ. ತಂದವರು ಪಾಪ ಅದನ್ನೇ ಮುಂದುವರಿಸುತ್ತಾರೆ. ಕೆಲಸವೇ ಇಲ್ಲದ ಕುದುರೆಗೆ ಅಷ್ಟು ಕಾಳು ಬೇಡ, ತಲೆ ಬಿಸಿಯಾಗುತ್ತದೆ. ನಿಧಾನವಾಗಿ, ವಾರಗಟ್ಟಲೆ ಸಮಯ ಕೊಟ್ಟು ಕಡಿಮೆ ಮಾಡಿ. ಒಣಹುಲ್ಲು ಮೈತೂಕದ 100ಕ್ಕೆ 1.5ರಿಂದ 2 ಭಾಗ ಬೇಕು. 450 ಕೆಜಿ ಕುದುರೆಗೆ ದಿನಕ್ಕೆ 7ರಿಂದ 9 ಕೆಜಿ. ಬರೀ ಭತ್ತದ ಹುಲ್ಲು ಸಾಲದು. ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಎಂಬ ಮೇವಿನ ಬೆಳೆ) ಸ್ವಲ್ಪ ಕೊಡಬಹುದು, ಅದರಲ್ಲಿರುವ ಕ್ಯಾಲ್ಸಿಯಂ ಆಮ್ಲವನ್ನು ತಣಿಸುತ್ತದೆ. ಇನ್ನೊಂದು ಮಾತು, ಅವಳಿಗೆ ಜೊತೆ ಇದೆಯಾ? ನೀವು ಬರೆದಿಲ್ಲ. ಒಂಟಿ ಕುದುರೆ ನೆಮ್ಮದಿಯಾಗಿ ಮಲಗುವುದೂ ಕಷ್ಟ, ಇನ್ನು ಕಲಿಯುವುದೆಲ್ಲಿಂದ ಬಂತು? ಇನ್ನೊಂದು ಕುದುರೆ ಸಿಕ್ಕರೆ ಬಹಳ ಒಳ್ಳೆಯದು. ಪೋನಿಯೋ ಕತ್ತೆಯೋ ಆದರೂ ಪರವಾಗಿಲ್ಲ.

ಈಗ ಅವಳ ಹಿಂದಿನ ಬದುಕನ್ನು ಸ್ವಲ್ಪ ನೋಡೋಣ. ರೇಸ್ ಕುದುರೆಗೆ ಬೆನ್ನ ಮೇಲೆ ಜೀನು ಬೀಳುವುದು ಎರಡು ವರ್ಷದ ಆಸುಪಾಸಿನಲ್ಲಿ. ಬೆಳಿಗ್ಗೆ ಟ್ರ್ಯಾಕಿಗೆ ಹೋಗಿ ಬರುತ್ತದೆ, ಉಳಿದ ಹೊತ್ತೆಲ್ಲ ಲಾಯದ ನಾಲ್ಕು ಗೋಡೆ. ಕುದುರೆ ನೋಡಿಕೊಳ್ಳುವ ಸೈಸ್ ಬರುತ್ತಾನೆ, ಉಜ್ಜುತ್ತಾನೆ, ಮೇವು ಹಾಕುತ್ತಾನೆ. ಎಲ್ಲ ಕೆಲಸವೂ ಹೆಚ್ಚುಕಡಿಮೆ ಎಡಗಡೆಯಿಂದಲೇ. ಹತ್ತುವಾಗಲೂ ಕುದುರೆ ನಿಲ್ಲಬೇಕಿಲ್ಲ, ನಡೆಯುತ್ತಿರುವಾಗಲೇ ಜಾಕಿಯ ಕಾಲು ಹಿಡಿದು ಮೇಲೆ ಎತ್ತಿಬಿಡುತ್ತಾರೆ. ಲಗಾಮು ಬಿಗಿಯಾದರೆ ನಿಲ್ಲು ಅಂತ ನಾವು ತಿಳಿದಿದ್ದೇವೆ. ಅವಳು ಕಲಿತದ್ದು ಬೇರೆ: ಬಿಗಿಯಾದರೆ ಅದಕ್ಕೆ ಒರಗಿ ಇನ್ನೂ ಜೋರಾಗಿ ಓಡು. ಹಾಗಾಗಿ ಇಂಥ ಕುದುರೆ ಹತ್ತುವಾಗ ನಿಲ್ಲದಿದ್ದರೆ, ಲಗಾಮು ಎಳೆದಷ್ಟೂ ಓಡಿದರೆ ಮೊಂಡುತನ ಅನ್ನಬೇಡಿ. ಹೇಳಿಕೊಟ್ಟಿದ್ದನ್ನು ಚೆನ್ನಾಗಿಯೇ ಮಾಡುತ್ತಿದೆ.

ಬಯಲಿನಲ್ಲಿ ಹಿಡಿಯಲು ಬಿಡದಿರುವುದಕ್ಕೂ ಇದೇ ಕಾರಣ. ಲಾಯದಲ್ಲಿ ನೀವು ಬಂದರೆ ಮೇವು. ಬಯಲಿಗೆ ನೀವು ಬಂದರೆ ಬಯಲು ಮುಗಿಯಿತು, ಮತ್ತೆ ನಾಲ್ಕು ಗೋಡೆ. ನಾಲ್ಕು ತಿಂಗಳಿಂದ ನೀವು ಪ್ರತಿ ಸಲವೂ ಅವಳಿಗೆ ಹೇಳಿಕೊಟ್ಟ ಲೆಕ್ಕ ಇದು. ಈ ಲೆಕ್ಕ ಬದಲಾಯಿಸಬೇಕು, ಅಷ್ಟೇ.

ಅದಕ್ಕೆ ಬೇಕಾದ ಮುಖ್ಯ ವಿಷಯ ಒಂದೇ, ಉಳಿದದ್ದೆಲ್ಲ ಅದರ ವಿವರ. ಕುದುರೆಗೆ ಪಾಠ ಆಗುವುದು ನೀವು ಒತ್ತಡ ಹಾಕಿದಾಗ ಅಲ್ಲ, ತೆಗೆದ ಕ್ಷಣದಲ್ಲಿ. ಹಗ್ಗ ಸಡಿಲವಾದಾಗ, ನೀವು ಒಂದು ಹೆಜ್ಜೆ ಹಿಂದೆ ಸರಿದಾಗ, ನೋಟ ತಿರುಗಿಸಿದಾಗ ಅವಳು ಏನು ಮಾಡುತ್ತಿದ್ದಳೋ ಅದನ್ನೇ ಮುಂದಿನ ಸಲವೂ ಮಾಡುತ್ತಾಳೆ. ಓಡುತ್ತಿರುವಾಗ ನೀವು ಸುಸ್ತಾಗಿ ನಿಂತರೆ "ಓಡಿದರೆ ಇವರು ನಿಲ್ಲುತ್ತಾರೆ" ಅನ್ನುವುದು ಪಾಠ. ನಿಂತು ನಿಮ್ಮತ್ತ ನೋಡಿದ ಕೂಡಲೇ ನೀವು ತಿರುಗಿ ಹೋದರೆ "ನಿಂತು ನೋಡಿದರೆ ಸಾಕು" ಅನ್ನುವುದು ಪಾಠ. ಒಂದೆರಡು ಸೆಕೆಂಡ್ ತಡವಾದರೂ ಪಾಠ ಬೇರೆಯಾಗಿಬಿಡುತ್ತದೆ.

ಹೀಗೆ ಮಾಡಿ. ಬಯಲಿಗೆ ಬರಿಗೈಯಲ್ಲಿ ಹೋಗಿ. ಹಗ್ಗ ಬೇಡ, ಬಕೆಟ್ ಬೇಡ, ಬೆನ್ನ ಹಿಂದೆ ಹಾಲ್ಟರ್ (ಹಿಡಿದು ನಡೆಸಲು ತಲೆಗೆ ತೊಡಿಸುವ, ಕಡಿವಾಣ ಇಲ್ಲದ ಪಟ್ಟಿ) ಬಚ್ಚಿಡುವ ಉಪಾಯವಂತೂ ಬೇಡವೇ ಬೇಡ. ಎದುರಿಗೆ ಹೋಗಬೇಡಿ, ಭುಜದ ಕಡೆಗೆ ಓರೆಯಾಗಿ ನಡೆಯಿರಿ. ಕುದುರೆಯ ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದರಿಂದ ಸುತ್ತ ಸುಮಾರು 350 ಡಿಗ್ರಿ ಕಾಣುತ್ತದೆ. ಹಣೆಯ ನೇರ ಮುಂದೆ ಸ್ವಲ್ಪ ಜಾಗ ಮತ್ತು ಬಾಲದ ನೇರ ಹಿಂದೆ ಕಾಣುವುದಿಲ್ಲ. ಮೂತಿಯ ಮುಂದೆ ಫಕ್ಕನೆ ಕೈ ಚಾಚಿದರೆ ಬೆಚ್ಚುವುದು ಅದಕ್ಕೇ.

ನಡೆಯುತ್ತಾ ಅವಳ ಕಿವಿ ನೋಡಿ. ನೀವು ಇನ್ನೂ ದೂರ ಇರುವಾಗಲೇ ಒಂದು ಕಿವಿ ನಿಮ್ಮ ಕಡೆ ತಿರುಗುತ್ತದೆ. ಇನ್ನೂ ಹತ್ತಿರ ಹೋದರೆ ಮೇಯುವುದು ನಿಲ್ಲುತ್ತದೆ. ಆಮೇಲೆ ತಲೆ ಏಳುತ್ತದೆ, ಆಮೇಲೆ ತೂಕ ಹಿಂಗಾಲಿಗೆ ಹೋಗುತ್ತದೆ, ಆಮೇಲೆ ಓಟ. ಜಾಸ್ತಿ ಜನ ಓಟ ಮಾತ್ರ ನೋಡುತ್ತಾರೆ. ನೀವು ತಲೆ ಏಳುವುದಕ್ಕಿಂತ ಮುಂಚೆ ನಿಲ್ಲಬೇಕು. ಮೈ ಸಡಿಲ ಬಿಡಿ, ನೆಲ ನೋಡಿ, ಉಸಿರು ಉದ್ದಕ್ಕೆ ಬಿಡಿ. ಅವಳು ಮತ್ತೆ ಹುಲ್ಲಿಗೆ ಬಾಯಿ ಹಾಕಿದಳೋ, ತಿರುಗಿ ವಾಪಸ್ ನಡೆಯಿರಿ. ಮುಟ್ಟಲೂ ಬೇಡಿ. ನೋಡುವವರು ನಗಬಹುದು. ನಗಲಿ ಬಿಡಿ.

ಸ್ವಲ್ಪ ದಿನದಲ್ಲಿ ದೂರ ತಾನಾಗಿಯೇ ಕಡಿಮೆಯಾಗುತ್ತದೆ. ಕುದುರೆಗೆ ಕುತೂಹಲ ಜಾಸ್ತಿ. ಅಟ್ಟಿಸಿಕೊಂಡು ಬರದ ಮನುಷ್ಯ ಯಾಕೆ ಬಂದ, ಯಾಕೆ ಹೋದ ಅಂತ ಅದೇ ಹಿಂದೆ ಬರುವುದೂ ಉಂಟು. ಹತ್ತಿರ ಬಂದಾಗ ಮುಖ ಮುಟ್ಟಬೇಡಿ, ನಾವೆಲ್ಲ ಮಾಡುವ ತಪ್ಪು ಅದು. ಕತ್ತು ಮುಗಿದು ಬೆನ್ನು ಶುರುವಾಗುವ ಕಡೆ ಒಂದು ಉಬ್ಬು ಇದೆಯಲ್ಲ, ಜೂಲಿನ ಬುಡದಲ್ಲಿ, ಅಲ್ಲಿ ಬೆರಳಿನಿಂದ ತುರಿಸಿ. ಕುದುರೆಗಳು ಒಂದಕ್ಕೊಂದು ಹಲ್ಲಿನಿಂದ ಕೆರೆದುಕೊಳ್ಳುವ ಜಾಗ ಅದು. ಫ್ರಾನ್ಸಿನ ಕಮಾರ್ಗ್ ಕುದುರೆಗಳ ಮೇಲೆ ನಡೆದ, 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಲ್ಲಿ ತುರಿಸಿದಾಗ ಹೃದಯ ಬಡಿತ ಇಳಿಯುವುದು ಕಂಡುಬಂದಿತು. ಬೇರೆ ಕಡೆ ತುರಿಸಿದಾಗ ಹಾಗೆ ಆಗಲಿಲ್ಲ. ಬೆನ್ನು ತಟ್ಟುವುದು, ಕತ್ತಿಗೆ ಪಟಪಟ ಹೊಡೆಯುವುದು ನಮಗೆ ಖುಷಿ, ಅವಕ್ಕೇನೂ ಅಲ್ಲ. ಅವಳ ಮೇಲ್ದುಟಿ ಉದ್ದವಾಗಿ ಅಲುಗಾಡಿದರೆ ಸರಿಯಾದ ಜಾಗ ಸಿಕ್ಕಿದೆ ಅಂತ ಲೆಕ್ಕ. ಅವಳಿಗೆ ಸಾಕು ಅನ್ನಿಸುವ ಮುಂಚೆ ನೀವೇ ನಿಲ್ಲಿಸಿ ಹೊರಡಿ.

ಆಮೇಲೆ ಹಾಲ್ಟರ್ ಹಿಡಿದುಕೊಂಡು ಹೋಗಿ, ಕಾಣುವ ಹಾಗೆ. ತೊಡಿಸಿ, ತುರಿಸಿ, ತೆಗೆದು ಬಿಟ್ಟು ಬನ್ನಿ. ಇನ್ನೊಂದು ದಿನ ತೊಡಿಸಿ ನಾಲ್ಕು ಹೆಜ್ಜೆ ನಡೆಸಿ ಒಳ್ಳೆಯ ಹುಲ್ಲು ಇರುವ ಕಡೆ ಬಿಡಿ. ಹಿಡಿದು ಒಳಗೆ ತರುವ ಸಲಗಳಿಗಿಂತ ಸುಮ್ನೆ ಹಿಡಿದು ಬಿಡುವ ಸಲಗಳು ಎಷ್ಟೋ ಜಾಸ್ತಿ ಇರಬೇಕು. ಸಂಜೆ ಒಳಗೆ ತರಲೇಬೇಕಾದರೆ ಈ ದಿನಗಳಲ್ಲಿ ಹಿಡಿಯುವ ಗೋಜಿಗೇ ಹೋಗಬೇಡಿ. ಲಾಯದ ಬಾಗಿಲು ತೆರೆದಿಟ್ಟು ಮೇವು ಹಾಕಿ, ತಾನೇ ಬರುತ್ತಾಳೆ.

ತಿನಿಸಿನ ಬಗ್ಗೆ ಒಂದೆರಡು ಮಾತು. ಕೈಯಿಂದ ಕೊಟ್ಟರೆ ಕೆಡುತ್ತದೆ ಅಂತ ಹಳೆಯ ಸವಾರರು ಹೇಳುತ್ತಾರೆ. ಕೊಡುವ ರೀತಿ ಸರಿಯಿಲ್ಲದಿದ್ದರೆ ಕೆಡುವುದೂ ಹೌದು, ಜೇಬು ಹುಡುಕಿ ಕಚ್ಚುವ ಕುದುರೆಗಳನ್ನು ನೀವೂ ನೋಡಿರುತ್ತೀರಿ. ಸರಿಯಾಗಿ ಕೊಟ್ಟರೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಫ್ರಾನ್ಸಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಿನಿಸು ಕೊಟ್ಟು ಕಲಿಸಿದ ಎಳೆಯ ಕುದುರೆಗಳು ಕಲಿತದ್ದನ್ನು ತಿಂಗಳುಗಟ್ಟಲೆ ಆದ ಮೇಲೂ ಮರೆತಿರಲಿಲ್ಲ. ಗುರುತಿಲ್ಲದ ಮನುಷ್ಯರ ಹತ್ತಿರವೂ ತಾವಾಗಿಯೇ ಬರುತ್ತಿದ್ದವು. ನಿಯಮ ಇಷ್ಟೇ: ಕೇಳಿದ್ದನ್ನು ಮಾಡಿದ ಕ್ಷಣಕ್ಕೆ ನಾಲಿಗೆಯಿಂದ ಒಂದು "ಟಕ್" ಶಬ್ದ ಮಾಡಿ, ಆಮೇಲೆ ತಿನಿಸು. ಅವಳು ಮುಖವನ್ನು ತನ್ನ ಎದುರಿಗೆ ನೇರ ಇಟ್ಟುಕೊಂಡಾಗ ಮಾತ್ರ, ನಿಮ್ಮ ಮೈಯಿಂದ ದೂರಕ್ಕೆ ಕೈ ಚಾಚಿ, ಅಂಗೈ ಚಪ್ಪಟೆ ಮಾಡಿ ಕೊಡಿ. ಜೇಬಿಗೆ ಮೂತಿ ತಂದಾಗ ಎಂದೂ ಕೊಡಬೇಡಿ. ಕ್ಯಾರೆಟ್ಟನ್ನು ಉದ್ದುದ್ದ ಸೀಳಿ ಕೊಡಿ. ಬಿಲ್ಲೆಯಂತೆ ಕತ್ತರಿಸಿದರೆ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಬೆಲ್ಲ ಪ್ರೀತಿಯಿಂದ ತಿನ್ನುತ್ತಾಳೆ ನಿಜ, ಆದರೆ ಅದು ಅಪರೂಪಕ್ಕೆ.

ಲಗಾಮಿಗೂ ಇದೇ ದಾರಿ. ಮೊದಲು ಹಲ್ಲಿನ ಕೆಲಸ ಮುಗಿದಿರಬೇಕು. ಕಡಿವಾಣ ಬಿಚ್ಚಿ ಬರೀ ಪಟ್ಟಿಗಳನ್ನು ಹಿಡಿದುಕೊಂಡು ನಿಲ್ಲಿ. ಅವಳು ತಲೆ ಎತ್ತದ ದೂರದಿಂದ ಶುರು. ತಲೆ ಸ್ವಲ್ಪ ಇಳಿಸಿದರೆ ಟಕ್, ಲಗಾಮು ದೂರ, ತಿನಿಸು. ಎತ್ತಿದರೆ ಬೈಯಬೇಡಿ, ನೀವು ಆತುರ ಮಾಡಿದ್ದೀರಿ ಅಂತ ತಿಳಿದು ಒಂದು ಹೆಜ್ಜೆ ಹಿಂದೆ ಹೋಗಿ. ಎಡಗಡೆ ಒಪ್ಪಿದ ಮೇಲೆ ಬಲಗಡೆಯಿಂದ ಎಲ್ಲವನ್ನೂ ಮೊದಲಿಂದ ಮಾಡಬೇಕು. ರೇಸ್ ಕುದುರೆಗೆ ಬಲಗಡೆ ನಿಂತ ಮನುಷ್ಯ ಹೊಸಬನೇ. ಮೈಸೂರಿನಲ್ಲಿ ದಸರಾಕ್ಕೆ ಮುಂಚೆ ಪೊಲೀಸ್ ಅಶ್ವದಳದ ಕುದುರೆಗಳನ್ನೂ ಆನೆಗಳನ್ನೂ ನಿಲ್ಲಿಸಿ ಕುಶಾಲತೋಪು ಹಾರಿಸುವ ತಾಲೀಮು ಮಾಡುತ್ತಾರಲ್ಲ, ನೋಡಿರಬಹುದು. ಜಂಬೂಸವಾರಿಯ ದಿನದ 21 ಸುತ್ತಿಗೆ ಬೆದರದಿರಲಿ ಅಂತ ಮುಂಚೆಯೇ ಕೆಲವು ಸಲ ಕೇಳಿಸುತ್ತಾರೆ. ನಿಮಗೆ ದಸರಾದ ತಾರೀಕಿನ ಅವಸರ ಇಲ್ಲ. ಹಾಗಾಗಿ ಬೆದರುವಷ್ಟು ಒಮ್ಮೆಯೂ ತೋರಿಸದೆ, ಇನ್ನೂ ಸಣ್ಣ ಮೆಟ್ಟಿಲು ಮಾಡಿಕೊಳ್ಳಿ.

ಇಂಟರ್‌ನೆಟ್ಟಿನಲ್ಲಿ ನೋಡಿ ದುಂಡನೆ ಬೇಲಿಯೊಳಗೆ ಕುದುರೆಯನ್ನು ಓಡಿಸುವ ವಿಧಾನಕ್ಕೆ ಕೈಹಾಕುವವರು ತುಂಬ ಜನ. ಓಡಿ ಓಡಿ ಕೊನೆಗೆ ಕುದುರೆ ತಿರುಗಿ ಹತ್ತಿರ ಬರುತ್ತದೆ, "ನನ್ನನ್ನು ನಾಯಕ ಅಂತ ಒಪ್ಪಿಕೊಂಡಿತು" ಅನ್ನುತ್ತಾರೆ. ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಮನುಷ್ಯರ ಬದಲು ರಿಮೋಟ್ ಕಾರನ್ನು ಬೇಲಿಯೊಳಗೆ ಬಿಟ್ಟು ನೋಡಿದರು. ಕುದುರೆ ತಿರುಗಿದಾಗ ಕಾರು ನಿಲ್ಲುತ್ತಿತ್ತು. ಕಾರಿನ ಕಡೆಗೆ ತಿರುಗುವುದನ್ನೂ ಕುದುರೆಗಳು ಕಲಿತವು. ಆಟದ ಕಾರನ್ನು ಯಾವ ಕುದುರೆಯೂ ನಾಯಕ ಅಂತ ಒಪ್ಪುವುದಿಲ್ಲ, ಅಲ್ವಾ? ಓಡಿಸುವುದು ನಿಂತಿತು, ಅದಕ್ಕೆ ತಿರುಗಿದವು. ರೇಸ್‌ನಲ್ಲಿ ಓಡಿಯೇ ಬೆಳೆದ ಕುದುರೆಗೆ ಈ ವಿಧಾನ ನನ್ನ ಮಟ್ಟಿಗೆ ಸಲ್ಲದು. ಕಾಲಿಗೂ ಪೆಟ್ಟು, ತಲೆಗೂ ಬಿಸಿ. ಯಜಮಾನ ಯಾರು ಅನ್ನುವ ಪ್ರಶ್ನೆಯನ್ನೂ ಇದರ ಜೊತೆಗೇ ಬಿಟ್ಟುಬಿಡಿ. ಅವಳು ಅದನ್ನು ಕೇಳುತ್ತಿಲ್ಲ.

ಹಾಗಂತ ಮೈಮೇಲೆ ಬಂದರೂ ಸುಮ್ಮನಿರಿ ಅಂತ ನಾನು ಹೇಳುತ್ತಿಲ್ಲ. ಮೃದುವಾಗಿ ಕಲಿಸುವುದಕ್ಕೂ ಹೇಗಾದರೂ ಮಾಡಿಕೊಳ್ಳಲಿ ಅಂತ ಬಿಡುವುದಕ್ಕೂ ವ್ಯತ್ಯಾಸ ಇದೆ. 450 ಕೆಜಿಯ ಪ್ರಾಣಿ ನಿಮ್ಮನ್ನು ತಳ್ಳಿಕೊಂಡು ನಡೆಯಬಾರದು. ಹತ್ತಿರ ಒತ್ತಿ ಬಂದರೆ ಹಗ್ಗವನ್ನು ಮೆಲ್ಲಗೆ ಅಲುಗಾಡಿಸಿ, ಸರಿಯದಿದ್ದರೆ ಇನ್ನೂ ಸ್ವಲ್ಪ ಜಾಸ್ತಿ. ಒಂದು ಗೊರಸು ಹಿಂದಕ್ಕೆ ಹೋದ ಕೂಡಲೇ ನಿಲ್ಲಿಸಿ. ಪ್ರತಿ ಸಲ ಇದೇ ಕ್ರಮ. ಒಂದು ದಿನ ಮುದ್ದು, ಒಂದು ದಿನ ಸಿಟ್ಟು ಅಂತ ಆದರೆ ಕುದುರೆಗೆ ಹೊಡೆತಕ್ಕಿಂತ ಜಾಸ್ತಿ ಗೊಂದಲ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಬೆರಳೇ ಹೋದೀತು. ಗಟ್ಟಿ ಬೂಟು ಹಾಕಿ. ಒಂದು ಸಲದ ಪಾಠ ಹತ್ತು ಹದಿನೈದು ನಿಮಿಷ ಸಾಕು.

ಮನೆಯಲ್ಲಿ ಉಳಿದವರ ಮಾತೂ ಇದೆ. ಅವಳಿಗೆ ಮೇವು ಹಾಕಿ ಲಾಯ ಗುಡಿಸುವವರು ಕಿರುಚಿ ಕೆಲಸ ಮಾಡುವವರಾದರೆ ನಿಮ್ಮ ಪಾಠ ಅರ್ಧ ವ್ಯರ್ಥ. ಅವರನ್ನೂ ಕೂರಿಸಿಕೊಂಡು ವಿವರಿಸಿ. ಕುದುರೆ ಮನುಷ್ಯರ ಮೈಯನ್ನು ಎಷ್ಟು ಸೂಕ್ಷ್ಮವಾಗಿ ಓದುತ್ತದೆ ಅನ್ನುವುದಕ್ಕೆ ಬರ್ಲಿನ್‌ನ ಹ್ಯಾನ್ಸ್ ಎಂಬ ಕುದುರೆಯ ಕಥೆ ಇದೆ. 1904ರ ಹೊತ್ತಿಗೆ ಅದು ಲೆಕ್ಕ ಮಾಡುತ್ತದೆ ಅಂತ ಪ್ರಸಿದ್ಧಿ. ಉತ್ತರ ಎಷ್ಟೋ ಅಷ್ಟು ಸಲ ಗೊರಸು ಬಡಿಯುತ್ತಿತ್ತು. 1907ರಲ್ಲಿ ಆಸ್ಕರ್ ಪ್ಫುಂಗ್ಸ್ಟ್ ಎಂಬವರು ಪರೀಕ್ಷಿಸಿ ಗುಟ್ಟು ಹಿಡಿದರು. ಸರಿಯಾದ ಸಂಖ್ಯೆ ಬಂದಾಗ ಪ್ರಶ್ನೆ ಕೇಳಿದವರ ತಲೆ ತಮಗೇ ಗೊತ್ತಿಲ್ಲದೆ ಕೂದಲೆಳೆಯಷ್ಟು ಅಲುಗುತ್ತಿತ್ತು. ಅದನ್ನು ನೋಡಿ ಹ್ಯಾನ್ಸ್ ನಿಲ್ಲಿಸುತ್ತಿತ್ತು. ಮಾಲೀಕರಿಗೂ ಇದರ ಅರಿವಿರಲಿಲ್ಲ. ಹಾಗಾಗಿ ಆಫೀಸಿನ ಸಿಟ್ಟು ಹೊತ್ತು ಬಂದ ಸಂಜೆ ಬಯಲಿಗೆ ಹೋಗಬೇಡಿ, ಹುಲ್ಲು ಹಾಕಿ ಮನೆಗೆ ಬನ್ನಿ.

ಎಷ್ಟು ದಿನ ಅಂದರೆ, ದಿನದ ಲೆಕ್ಕ ಕೊಡಲಾರೆ. ಹುಣ್ಣಿದ್ದರೆ ಅದು ಮಾಯುವುದಕ್ಕೇ ವಾರಗಳು ಬೇಕು. ಅವಳೇ ಹೇಳುತ್ತಾಳೆ. ಬಯಲಿನಲ್ಲಿ ತಾನಾಗಿ ಹತ್ತಿರ ಬರಬೇಕು. ಹಗ್ಗ ಸಡಿಲ ಇದ್ದರೂ ಜೊತೆಗೆ ನಡೆಯಬೇಕು. ಜೀನು ಬೆನ್ನ ಮೇಲಿಟ್ಟಾಗ ಕಣ್ಣಿನ ಮೇಲೆ ಸುಕ್ಕು, ಬಿಗಿದ ಮೂಗು ಇಲ್ಲದೆ ನಿಲ್ಲಬೇಕು. ಅಲ್ಲಿಗೆ ಬಂದ ಮೇಲೆ ಹೊಟ್ಟೆಪಟ್ಟಿಯನ್ನು ಒಂದೊಂದೇ ತೂತು ಬಿಗಿಸುತ್ತಾ, ನಡುನಡುವೆ ನಾಲ್ಕು ಹೆಜ್ಜೆ ನಡೆಸುತ್ತಾ ಹೋಗಿ. ಸ್ವಲ್ಪ ಕುದುರೆ ಮಸಾಲೆ ಸೊಪ್ಪು ತಿನ್ನಿಸಿಯೇ ಜೀನು ಹಾಕಿ. ಬೆನ್ನ ಮೇಲೆ ಮೊದಲು ಕೂರುವವರು ರೇಸ್ ಬಿಟ್ಟ ಕುದುರೆಗಳ ಅನುಭವ ಇರುವ ಸವಾರರೇ ಆಗಲಿ.

ಮಗಳು ಬೇಸರ ಮಾಡಿಕೊಳ್ಳಬಹುದು, ಆದರೆ ಸವಾರಿ ಕಲಿಯದ ಹುಡುಗಿ, ಹೊಸದಾಗಿ ಕಲಿಯುತ್ತಿರುವ ಕುದುರೆ, ಈ ಜೋಡಿ ಸರಿಹೋಗುವುದಿಲ್ಲ. ಅವಳನ್ನು ಒಳ್ಳೆಯ ರೈಡಿಂಗ್ ಶಾಲೆಗೆ ಸೇರಿಸಿ, ವಯಸ್ಸಾದ, ಅನುಭವದ ಕುದುರೆಯ ಮೇಲೆ ಹೆಲ್ಮೆಟ್ ಹಾಕಿಕೊಂಡು ಕಲಿಯಲಿ. ಮನೆಯಲ್ಲಿ ಬಯಲಿನ ಪಾಠ, ತುರಿಸುವ ಕೆಲಸ ಅವಳಿಗೇ ಕೊಡಿ, ನೀವು ಜೊತೆಗಿರಿ. ಮಕ್ಕಳಿಗೆ ಇದು ನಮಗಿಂತ ಬೇಗ ಹತ್ತುತ್ತದೆ, ಸುಮ್ನೆ ನಿಲ್ಲಲು ಹೇಳಿಕೊಟ್ಟರೆ.

ಮಾರುವ ಮಾತು. ಈಗ ಮಾರಬೇಡಿ. ಕಚ್ಚಲು ಬರುವ, ಹಿಡಿಯಲು ಸಿಗದ ಕುದುರೆ ಕೈಯಿಂದ ಕೈಗೆ ಹೋದಷ್ಟೂ ಕೆಟ್ಟ ಜಾಗಕ್ಕೇ ಹೋಗಿ ಸೇರುತ್ತದೆ. ಪರೀಕ್ಷೆ ಮಾಡಿಸಿ, ಮೇವು ಬದಲಿಸಿ, ಬರಿಗೈಯಲ್ಲಿ ಬಯಲಿಗೆ ಹೋಗಿ ಬನ್ನಿ. ಬೆನ್ನಿಗೋ ಕಾಲಿಗೋ ವಾಸಿಯಾಗದ ತೊಂದರೆ ಇದೆ, ಸವಾರಿ ಸಾಧ್ಯವೇ ಇಲ್ಲ ಅಂತ ವೈದ್ಯರು ಹೇಳಿದರೆ ಆಗ ಮನೆಯವರೆಲ್ಲ ಕೂತು ಮಾತಾಡಿ: ಸವಾರಿಗೆ ಆಗದ ಕುದುರೆಯನ್ನು ಇನ್ನೂ ಹದಿನೈದು ಇಪ್ಪತ್ತು ವರ್ಷ ಸಾಕುವ ಹುಲ್ಲು, ಜಾಗ, ಹಣ ನಿಮ್ಮಲ್ಲಿದೆಯಾ ಅಂತ. ಇಲ್ಲ ಅನ್ನಿಸಿದರೆ ನಾಚಿಕೆ ಬೇಡ, ತೊಂದರೆ ಏನೆಂದು ಮುಚ್ಚಿಡದೆ ಹೇಳಿ, ಸವಾರಿ ಕೇಳದೆ ಜೊತೆಗಿಟ್ಟುಕೊಳ್ಳುವ ಮನೆ ಹುಡುಕಿ. ವೈದ್ಯರ ವರದಿ ಬಂದ ಮೇಲೆ ಜೀನಿನ ಒಂದು ಫೋಟೋ, ಅವಳ ಬೆನ್ನಿನ ಒಂದು ಫೋಟೋ ಜೊತೆಗೆ ಇನ್ನೊಮ್ಮೆ ಬರೆಯಿರಿ.